ಹಿಟ್ಲರ್ ಭಾಷಣ ಮತ್ತು ನಮ್ಮ ಕೊರಳಿನ ಕಾರ್ಡು

ಲಷ್ಕರ್ ಮೊಹಲ್ಲಾದ ಒಂದು ತಿರುವಿನಲ್ಲಿ ನಾನು ಸೊಪ್ಪು ಮಾರುತ್ತೇನೆ. ಓದಿದ್ದು ಮೂರನೇ ಕ್ಲಾಸು. ಪಕ್ಕದಲ್ಲಿ ವೀಳ್ಯದೆಲೆ ಮಾರುವವಳು ಕೂರುತ್ತಾಳೆ, ನನಗಿಂತ ಹತ್ತು ವರ್ಷ ಚಿಕ್ಕವಳು, ಬಲು ಪುಕ್ಕಲಿ. ನಾವಿಬ್ಬರೂ ಜಗಳವಾಡದ ದಿನವಿಲ್ಲ. ಆದರೂ ಜಾಗ ಬದಲಾಯಿಸಿಲ್ಲ.

ಬೀದಿ ವ್ಯಾಪಾರಿಗಳಿಗೆ ಗುರುತಿನ ಕಾರ್ಡು ಬೇಕೆಂದು ಕೇಳಿದವರು ನಾವೇ. ಅದಿದ್ದರೆ ಕೂತ ಜಾಗದಿಂದ ಯಾರೂ ಎಬ್ಬಿಸುವ ಹಾಗಿಲ್ಲ. ನಗರಪಾಲಿಕೆ ಆಫೀಸಿಗೆ ಅಲೆದು ಚಪ್ಪಲಿ ಸವೆದ ಮೇಲೆ ಕೈಗೆ ಬಂತು. ಅದರಲ್ಲಿ ನಮ್ಮ ಫೋಟೋ, ಹೆಸರು, ಕೊರಳಿಗೆ ಹಾಕಿಕೊಳ್ಳಲು ನೀಲಿ ದಾರ. ಆಯುಧಪೂಜೆಯ ದಿನ ಚಾಕು, ಬುಟ್ಟಿ, ನೀರು ಚಿಮುಕಿಸುವ ತಂಬಿಗೆಗಳ ಜೊತೆ ಆ ಕಾರ್ಡಿಗೂ ಅರಿಸಿನ ಕುಂಕುಮ ಇಟ್ಟೆ. ಕುಂಕುಮ ಸರಿಯಾಗಿ ಫೋಟೋದಲ್ಲಿದ್ದ ನನ್ನ ಮುಖದ ಮೇಲೇ ಕೂತಿತು. ಬೀದಿಗೆ ಒಯ್ದರೆ ಸೊಪ್ಪಿನ ನೀರು ತಾಗಿ ಹಾಳಾದೀತೆಂದು ದೇವರ ಗೂಡಿನಲ್ಲೇ ಬಿಟ್ಟೆ.

ಚುನಾವಣೆ ಹತ್ತಿರ ಬಂತು. ಒಬ್ಬ ಮುಖಂಡ ನಮ್ಮ ತಿರುವಿನಲ್ಲಿ ಟೆಂಪೋ ನಿಲ್ಲಿಸಿ, ಅದರ ಮೇಲೆ ಹತ್ತಿ ಮೈಕು ಹಿಡಿದ.

"ತಾಯಂದಿರೇ, ಇವತ್ತು ನಿಮ್ಮ ಕೊರಳಿಗೆ ಚೀಟಿ ಕಟ್ಟಿದಾರೆ! ಹಿಟ್ಲರ್ ಕೂಡ ಯಹೂದಿಗಳಿಗೆ ಮೊದಲು ಗುರುತು ಹಾಕಿದ. ಆಮೇಲೆ ರೈಲು ಹತ್ತಿಸಿದ. ಆಮೇಲೆ ಗ್ಯಾಸ್ ಕೋಣೆ! ನಾಳೆ ನಿಮಗೂ ಅದೇ ಗತಿ. ಕಿತ್ತು ಬೆಂಕಿಗೆ ಹಾಕಿ!"

ಅವನ ಕಡೆಯವರು ಹಳೇ ಬಾಂಡಲಿಯೊಂದರಲ್ಲಿ ಬೆಂಕಿ ಮಾಡಿದ್ದರು. ಫೋಟೋ ತೆಗೆಯುವವನೂ ಇದ್ದ. ಎಲೆಯವಳು ನನ್ನ ಸೆರಗು ಹಿಡಿದೆಳೆದಳು.

"ಅಕ್ಕಾ, ರೈಲು ಅಂತಾವ್ನಲ್ಲಕ್ಕ!"

"ಪುಕ್ಕಟೆ ನಿನ್ನ ಯಾವನೇ ರೈಲು ಹತ್ತಿಸ್ತಾನೆ? ನಿನ್ನ ಬುಟ್ಟಿಗೂ ಟಿಕೆಟ್ ಕೇಳ್ತಾರೆ, ಸುಮ್ಕಿರು."

ಅವಳು ಸುಮ್ಮನಿರಲಿಲ್ಲ. ಎದ್ದು ಹೋಗಿ ಕಾರ್ಡನ್ನು ಬೆಂಕಿಗೆ ಹಾಕಿಬಿಟ್ಟಳು. ನಾನು ಹಾಕಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ನನ್ನದು ಮನೆಯಲ್ಲಿತ್ತು, ಅಷ್ಟೆ.

ಸಂಜೆ ಮೆಂತ್ಯ ಬಿಡಿಸುತ್ತಾ ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು ಕಾಲೇಜಿನಲ್ಲಿ ಚರಿತ್ರೆ ಓದುತ್ತಾಳೆ. ನನಗೆ ಹಿಟ್ಲರ್ ಅಂದರೆ ದರ್ಪದವನು ಅಂತ ಮಾತ್ರ ಗೊತ್ತಿತ್ತು. ಸಕ್ಕರೆ ಡಬ್ಬ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ ನನ್ನ ಅತ್ತೆಯನ್ನು ಮನೆಮಂದಿಯೆಲ್ಲ ಹಿಟ್ಲರ್ ಅಂತಲೇ ಕರೆಯುತ್ತಿದ್ದೆವು.

"ಯಹೂದಿಗಳ ಬಟ್ಟೆ ಮೇಲೆ ಹಳದಿ ನಕ್ಷತ್ರ ಹೊಲಿಸಿದ್ರು ಅಜ್ಜಿ," ಅಂದಳು. "ನಿಮ್ಮ ಕಾರ್ಡಿನ ಥರ ಅಂಗಡಿ ಇಟ್ಕೊಳ್ಳಲಿ ಅಂತಲ್ಲ. ಇದ್ದ ಅಂಗಡಿ, ಮನೆ ಎಲ್ಲಾ ಕಿತ್ಕೊಂಡು, ಊರೂರಿಂದ ರೈಲಲ್ಲಿ ತುಂಬಿ ಕೊಂದ್ರು. ಲಕ್ಷಾಂತರ ಜನಾನ."

"ಮಕ್ಕಳನ್ನೂ?"

"ಮಕ್ಕಳನ್ನೂ."

ಮೆಂತ್ಯದ ಕಟ್ಟು ಮಡಿಲಲ್ಲೇ ಉಳಿಯಿತು. ಅತ್ತೆ ಜಿಪುಣಿ, ನಿಜ. ಹಬ್ಬದಲ್ಲಿ ಪಾಯಸಕ್ಕೆ ಅವಳೇ ಬೀಗ ತೆಗೆಯುತ್ತಿದ್ದಳು. ಆ ಹೆಸರಿಟ್ಟದ್ದು ತಪ್ಪಾಯಿತು.

ಚುನಾವಣೆ ಮುಗಿದು ವಾರವಾಗಿರಲಿಲ್ಲ, ಕಾರ್ಡು ತಪಾಸಣೆ ಮಾಡುವವರು ಬಂದರು. ಹಿಂದಿನ ದಿನವೇ ಸುದ್ದಿ ಸಿಕ್ಕಿದ್ದರಿಂದ ನನ್ನದನ್ನು ಕೊರಳಿಗೆ ಹಾಕಿಕೊಂಡು ಹೋಗಿದ್ದೆ. ಅಧಿಕಾರಿ ಕಣ್ಣು ಕಿರಿದು ಮಾಡಿ ನೋಡಿ, "ಇದರಲ್ಲಿ ನೀವೆಲ್ಲಿದ್ದೀರಮ್ಮ?" ಅಂದರು. ಸೆರಗಿನಿಂದ ಕುಂಕುಮ ಒರೆಸಿ ತೋರಿಸಿದೆ. ಆಮೇಲೆ ಎಲೆಯವಳ ಕಡೆ ತಿರುಗಿದರು.

"ಸುಟ್ಟಾಕ್ಬುಟ್ಟೆ ಸಾರ್. ಹಿಟ್ಲರ್ ಅಂದ್ರು."

ಅವರು ನಗಲಿಲ್ಲ, ಬೈಯಲೂ ಇಲ್ಲ. ಹೊಸ ಕಾರ್ಡು ಬರುವವರೆಗೆ ಅಲ್ಲಿ ಬುಟ್ಟಿ ಇಡಬಾರದು, ಅರ್ಜಿ ಕೊಡಿ ಅಂದರು. ಇಪ್ಪತ್ತು ವರ್ಷ ಕೂತ ಜಾಗದಿಂದ ಅವಳು ಎದ್ದಳು.

ಮರುದಿನ ಅವಳನ್ನು ಕರೆದುಕೊಂಡು ಆ ಮುಖಂಡನ ಮನೆಗೇ ಹೋದೆ. ಅವನು ಗೆದ್ದಿದ್ದ, ಹಾರ ಇನ್ನೂ ಬಾಗಿಲ ಮೇಲೆ ಬಾಡುತ್ತಿತ್ತು.

"ಅದು ಒಂದ್ ಮಾತಿಗೆ ಅಂದಿದ್ದು ಕಣಮ್ಮ," ಅಂದ.

"ನೀವು ಮಾತಿಗೆ ಅಂದ್ರಿ ಸ್ವಾಮಿ, ಇವಳು ನಿಜ ಅಂದ್ಕೊಂಡ್ಳು. ಅಷ್ಟು ಜನ ಮಕ್ಕಳುಮರಿ ಸಮೇತ ಸತ್ತಿರೋದನ್ನ ನಿಮ್ಮ ಟೆಂಪೋಗೆ ಹಾಕ್ಕೊಂಡ್ ಬಂದ್ರಲ್ಲ, ಏನ್ ಬಂತು? ಕೊನೆಗೆ ಜಾಗದಿಂದ ಎಬ್ಬಿಸಿದ್ದು ಇವಳನ್ನ. ಅರ್ಜಿ ಜೊತೆ ಇಡಕ್ಕೆ, ನಿಮ್ಮ ಬಾಂಡಲೀಲೇ ಕಾರ್ಡು ಸುಟ್ಟಿದ್ದು ಅಂತ ಬರ್ದು ಸೈನ್ ಹಾಕ್ಕೊಡಿ."

"ನಾನ್ಯಾಕ್ ಬರೀಲಿ?"

"ಮೈಕಲ್ಲಿ ಹೇಳಿದ್ ಮಾತು ಪೇಪರಲ್ಲಿ ಹಾಕಕ್ಕೆ ಭಯವಾ?"

ಒಳಗಿಂದ ಅವನ ಹೆಂಡತಿ ಕಾಫಿ ತಂದವರು ಅಲ್ಲೇ ನಿಂತು ಕೇಳುತ್ತಿದ್ದರು. ಅವನು ಬರೆದು ಕೊಟ್ಟ.

ಹೊಸ ಕಾರ್ಡು ಬರಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಅವಳ ಎಲೆಯನ್ನು ನನ್ನ ಕೊತ್ತಂಬರಿ ಪಕ್ಕದಲ್ಲಿಟ್ಟು ನಾನೇ ಮಾರಿದೆ. ನಾನು ಎಲೆಗೆ ನೀರು ಜಾಸ್ತಿ ಹಾಕಿ ಕೊಳೆಸುತ್ತೇನೆಂದು ದಿನಾ ಸಂಜೆ ಬಂದು ಬೈದು ಹೋಗುತ್ತಿದ್ದಳು.

ಕಾರ್ಡು ಬಂದ ದಿನ ಅದನ್ನು ಕೊರಳಿಗೆ ಹಾಕಿಕೊಂಡು ತನ್ನ ಜಾಗದಲ್ಲಿ ಕೂತಳು. ಎಲೆ ಜೋಡಿಸುತ್ತಾ ಕೇಳಿದಳು.

"ಅಕ್ಕಾ, ಇನ್ನೊಂದ್ಸಲ ಅವ್ನು ಟೆಂಪೋ ತಂದ್ರೆ?"

"ಎರಡು ಎಲೆ ಸುತ್ತಿ ಕಿವಿಗಿಟ್ಕೋ. ಈಗ ಆ ಕಡೆ ಸರಿ, ನನ್ನ ಸೊಪ್ಪಿಗೆ ಜಾಗ ಬೇಕು."