ಮುಗಿಲೂರಿಗೆ ಬಂದ ಮೆಲ್ಲವ್ವ

ಆಗ ನಮಗೆ ದೇವರಿಗೇನೂ ಕೊರತೆ ಇರಲಿಲ್ಲ. ಬೇಕೆನಿಸಿದರೆ ನಾವೇ ಮಾಡಿಕೊಳ್ಳುತ್ತಿದ್ದೆವು. ಎಪ್ಪತ್ತರ ದಶಕ, ನಮ್ಮೂರು ಹೊರ್ತಿ. ನಮ್ಮ ಮನೆಯ ಮಣ್ಣಿನ ಮಾಳಿಗೆಯ ಮೇಲೆ ನಮ್ಮದೇ ಒಂದು ಲೋಕವಿತ್ತು, ಹೆಸರು ಮುಗಿಲೂರು. ನಿಚ್ಚಣಿಕೆ ಹತ್ತಿ ಅಲ್ಲಿ ಕಾಲಿಟ್ಟರೆ ಕೆಳಗಿನ ಯಾರ ಆಟವೂ ನಡೆಯುತ್ತಿರಲಿಲ್ಲ. ಸುಳಿಗಾಳಿಯ ಮೇಲೆ ಕುಳಿತು ಬರುವ ಸುಳಿಗಾಳೆಪ್ಪನಿದ್ದ. ಹುರಿದ ಶೇಂಗಾ ಅಂದರೆ ಅವನಿಗೆ ಪ್ರಾಣ. ಮಗ್ಗಿ ಒಪ್ಪಿಸುವ ಹೊತ್ತಿಗೆ ಮಾಸ್ತರರ ಕಣ್ಣು ಮುಚ್ಚಿಸುವ ತೂಕಡಿಕೆವ್ವ ಇದ್ದಳು. ಕಳೆದುಹೋದ ಬಳಪಗಳನ್ನೆಲ್ಲ ನುಂಗುವ ಗುಳುಮಪ್ಪನಿದ್ದ. ಎಲ್ಲರೂ ಕರಿಮಣ್ಣಿನವರು, ಕುಸುಬಿ ಕಾಳಿನ ಕಣ್ಣಿನವರು.

ಪೂಜಾರಿ ನಮ್ಮ ದೊಡ್ಡಪ್ಪನ ಮಗ ಶಿವಪುತ್ರಣ್ಣ. ಕಾನೂನೆಲ್ಲ ಅವನದೇ. ತಾವೊಂದು ದೇವರನ್ನು ಮಾಡಿ ಅವನ ಒಪ್ಪಿಗೆ ಪಡೆದವರಷ್ಟೇ ಮುಗಿಲೂರಿನವರು; ಉಳಿದವರು ಕೆಳಗೆ ಅಂಗಳದಲ್ಲಿ.

ನನ್ನ ತಂಗಿ ಗಂಗಿಗೆ ಸಣ್ಣವಳಿದ್ದಾಗ ಜ್ವರ ಬಂದು ಎಡಗಾಲು ಸಣಕಲಾಗಿತ್ತು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮನೆಯಲ್ಲಿ ಎತ್ತು ಮಾಡಿ ಉಳಿದ ಮಣ್ಣಿನಲ್ಲಿ ಅವಳು ತನ್ನ ದೇವರನ್ನು ಮಾಡಿದಳು. ಹೆಸರು ಮೆಲ್ಲವ್ವ. ದಾರಿಯಲ್ಲಿ ಹಿಂದೆ ಉಳಿದವರನ್ನು ಕೈಹಿಡಿದು ಕರೆತರುವುದು ಮೆಲ್ಲವ್ವನ ಕೆಲಸ. ಒಂದು ಕಾಲು ಬೇಕಂತಲೇ ಗಿಡ್ಡ. ಗಂಗಿಯನ್ನು ಬೆನ್ನಿಗೆ ಹಾಕಿಕೊಂಡು ನಾನೇ ಮಾಳಿಗೆ ಹತ್ತಿಸಿದೆ.

ಶಿವಪುತ್ರಣ್ಣ ಮೂರ್ತಿಯನ್ನು ತಿರುಗಿಸಿ ನೋಡಿದ. "ನೆಟ್ಟಗ ನಿಂದರಾಕ ಬರಲಾರದ್ದು ಎಂಥಾ ದೇವರ? ಇದು ಇಲ್ಲಿ ನಡ್ಯಾಂಗಿಲ್ಲ."

ಅಂದರೆ ಗಂಗಿಯೂ ನಡೆಯುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು, ಜಗಳಕ್ಕೇ ನಿಂತೆ. ಗಂಗಿ ಮಾತ್ರ ಮೆಲ್ಲವ್ವನನ್ನು ಲಂಗದಲ್ಲಿ ಸುತ್ತಿಕೊಂಡು, "ಅಕ್ಕಾ, ಕೆಳಗ ಇಳಸು" ಅಂದಳು. ಅವತ್ತಿನ ಹೂರಣದ ಕಡುಬನ್ನೂ ಮುಟ್ಟಲಿಲ್ಲ.

ಮರುದಿನ ಕುಂಟೆತ್ತಿನ ಸಂಭ್ರಮ. ಮಣ್ಣಿನ ಎತ್ತುಗಳಲ್ಲಿ ಒಂದರ ಕಾಲು ಮುರಿದು, ಹಲಗೆಯ ಮೇಲಿಟ್ಟುಕೊಂಡು, ಕುಂಟೆತ್ತು ಬಂದೈತಿ ಅಂತ ಕೂಗುತ್ತ ಮನೆಮನೆಗೆ ಹೋದರೆ ಹೆಂಗಸರು ಮೊರದಲ್ಲಿ ಜೋಳ ತಂದು ನೀಡುತ್ತಿದ್ದರು. ಜೋಳ ಕೊಟ್ಟು ಕಿರಾಣಿ ಅಂಗಡಿಯಲ್ಲಿ ಬೆಲ್ಲ, ಪುಠಾಣಿ ತಂದೆವು. ಸಂಜೆ ಅಂಗಳದಲ್ಲಿ ಹಂಚಿಕೆ ನಡೆದಿತ್ತು. ಶಿವಪುತ್ರಣ್ಣನ ಎರಡೂ ಗಲ್ಲ ಉಬ್ಬಿದ್ದವು. ಗಂಗಿ ಆಗ ಬಾಯಿ ತೆರೆದಳು.

"ಅಣ್ಣಾ, ನಿನ್ನ ಬಾಯಾಗಿನ ಬೆಲ್ಲ ಯಾರು ಕೊಟ್ಟಿದ್ದು?"

"ಊರ ಮಂದಿ."

"ಯಾರಿಗಿ ಕೊಟ್ರು? ಮನ್ಯಾಗ ನೆಟ್ಟಗ ನಿಂತ ಎತ್ತಿಗೇನು?"

ಅವನು ಅಗಿಯುವುದು ನಿಂತಿತು. "ಕುಂಟೆತ್ತಿಗಿ."

"ಕುಂಟೆತ್ತು ಬೇಡಿ ತಂದದ್ದು ತಿನ್ನಾಕ ಬರ್ತೈತಿ, ಮೆಲ್ಲವ್ವಗ ಜಾಗಾ ಕೊಡಾಕ ಬರಾಂಗಿಲ್ಲೇನು?"

ಬೆಲ್ಲವನ್ನು ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ, ಪೂಜಾರಿಯ ಮುಖ ನೋಡುವ ಹಾಗಿತ್ತು! ಕಡೆಗೆ ಗುಳಕ್ಕನೆ ನುಂಗಿ, ಗಂಗಿಯ ಮುಂದೆ ಬಗ್ಗಿ ಕುಳಿತ. "ಬಾರವಾ, ಹತ್ತು ನನ್ನ ಬೆನ್ನಮ್ಯಾಲೆ. ನಿನ್ನ ಮೆಲ್ಲವ್ವನ್ನೂ ತಗೋ."

ನಿಚ್ಚಣಿಕೆಯ ಒಂದೊಂದು ಮೆಟ್ಟಿಲಿಗೂ ನಾವು ಕೆಳಗಿನಿಂದ ಜೈ ಅಂದೆವು. ಸುಳಿಗಾಳೆಪ್ಪನನ್ನು ಬದಿಗೆ ಸರಿಸಿ ನಟ್ಟನಡುವೆ ಮೆಲ್ಲವ್ವನನ್ನು ಕೂರಿಸಿದರು. ಗಂಗಿ ಮಾಳಿಗೆಯ ಅಂಚಿಗೆ ಬಂದು ಇಡೀ ಹೊರ್ತಿಗೆ ಕೇಳುವಂತೆ ಕೇಕೆ ಹಾಕಿದಳು. ನನ್ನ ತಂಗಿ ಅಂತ ಅವತ್ತು ನನಗೆ ಹಿಡಿಸಲಾರದಷ್ಟು ಹೆಮ್ಮೆ. ಅವತ್ತಿನಿಂದ ಹೊಸ ಕಾನೂನು: ಎಲ್ಲಿಗೆ ಹೊರಟರೂ ಎಲ್ಲರಿಗಿಂತ ಹಿಂದಿರುವವರ ನಡಿಗೆಯೇ ನಮ್ಮೆಲ್ಲರ ನಡಿಗೆ.

ಆ ಮಾಳಿಗೆ ಈಗಿಲ್ಲ. ಸಿಮೆಂಟಿನ ಸ್ಲ್ಯಾಬ್ ಬಂದಿದೆ, ನೀರಿನ ಟಾಕಿ ಕುಳಿತಿದೆ. ಆಮೇಲೆ ಎಷ್ಟೋ ಗುಡಿ ಕಂಡೆ, ಎಷ್ಟೋ ಸ್ವಾಮಿಗಳ ಪ್ರವಚನ ಕೇಳಿದೆ. ಆದರೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ಸೋತು, ಅದೇ ಸಂಜೆ ತನ್ನ ಕಾನೂನನ್ನು ತಿದ್ದಿಕೊಂಡ ಧರ್ಮ ಮತ್ತೆಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.