ಬೋರ್ಡಿನ ಬಾಯೋರು ಕೇಳಿದ್ದು

ಹೋದ ವಾರ ನೆಗಡಿಯಾಗಿ ಮೂಗು ಕಟ್ಟಿತ್ತು. ಹೆಂಡತಿ ಬಿಸಿನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ, ತಲೆಯ ಮೇಲೆ ಚಾದರ ಹೊದಿಸಿ, ಹಬೆ ತೆಗೆದುಕೊಳ್ಳಲು ಕೂರಿಸಿದಳು. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಕಲಬುರಗಿಯ ಮನೆ ಮರೆತುಹೋಯಿತು. ವಾಡಿ ಹತ್ತಿರದ ಸಿಮೆಂಟ್ ಕಾರ್ಖಾನೆಯ ಆಫೀಸು, ಅಲ್ಲಿನ ಪ್ಲೈವುಡ್ ಗೋಡೆ, ಗೋಡೆಯಾಚೆ ನೀಲಗಿರಿ ಎಣ್ಣೆ ಹಚ್ಚಿದ ಬಟ್ಟೆಯಿಂದ ದಿನಾ ಬೆಳಿಗ್ಗೆ ಫೋನು ಒರೆಸುತ್ತಿದ್ದ ಒಬ್ಬ ಹೆಣ್ಣುಮಗಳು... ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಚಾದರ ತೆಗೆದಾಗ ಕಣ್ಣು ಒದ್ದೆಯಾಗಿತ್ತು. ಹಬೆಗೆ ಇರಬೇಕು ಎಂದಳು ಹೆಂಡತಿ, ನಾನೂ ಹೂಂ ಎಂದೆ.

ಅವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಬೋರ್ಡಿನ ಬಾಯೋರು ಎನ್ನುತ್ತಿದ್ದರು. ಬೋರ್ಡು ಎಂದರೆ ಟೆಲಿಫೋನ್ ಬೋರ್ಡು. ತೊಂಬತ್ತರ ದಶಕದಲ್ಲಿ ಹೊರಗಿನಿಂದ ಬರುವ ಪ್ರತಿಯೊಂದು ಫೋನೂ, ಒಳಗೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವ ಮಾತೂ ಅವರ ಕೈ ದಾಟಿಯೇ ಹೋಗಬೇಕಿತ್ತು. ಎದುರಿಗೆ ಸಾಲುಸಾಲು ತೂತುಗಳು, ಅವಕ್ಕೆ ಚುಚ್ಚುವ ಪಿನ್ನಿನ ವೈರುಗಳು, ಹತ್ತಿ ಆರುವ ಪುಟ್ಟ ದೀಪಗಳು. ನಡುವೆ ಅವರು, ನಲವತ್ತೈದರ ಆಸುಪಾಸಿನವರು, ನೂಲಿನ ಸೀರೆ, ಹಣೆಯ ಮೇಲೆ ಚಿಕ್ಕ ಕುಂಕುಮ. ಚಿತ್ತಾಪುರದ ಆಚಾರ್ಯರ ಮನೆತನ. ತಂದೆ ಹನುಮಂತದೇವರ ಗುಡಿಯ ಪೂಜೆ ಮಾಡಿಕೊಂಡಿದ್ದವರಂತೆ. ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದು, ಬೆಳಗಿನ ಪ್ಯಾಸೆಂಜರಿಗೆ ವಾಡಿಗೆ ಬಂದು ಕಂಪನಿ ಬಸ್ಸು ಹಿಡಿಯುತ್ತಿದ್ದರು. ಕಾರ್ಖಾನೆಯ ಅಷ್ಟೂ ಜನ ಅವರ ದನಿ ಬಲ್ಲವರು. ಮುಖ ಕಂಡವರು ಬೆರಳೆಣಿಕೆಯಷ್ಟು.

ನಾನು ಕಂಡವರಲ್ಲಿ ಒಬ್ಬ. ತೆಂಗಳಿಯಿಂದ ಬಂದು, ಡಿಪ್ಲೊಮಾ ಮುಗಿಸಿ, ಕಂಪ್ಯೂಟರ್ ವಿಭಾಗಕ್ಕೆ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಂಪ್ಯೂಟರಿಗೆ ತಂಪು ಬೇಕು, ಆಫೀಸಿನಲ್ಲಿ ಬಿಸಿಲು ಬೀಳದ ಕೋಣೆಯೆಂದರೆ ಬಾಯೋರದೊಂದೇ ಎಂದು ಅದರ ನಡುವೆಯೇ ಪ್ಲೈವುಡ್ ನಿಲ್ಲಿಸಿ ಅರ್ಧ ನಮಗೆ ಕೊಟ್ಟಿದ್ದರು. ಅವರು ತಮ್ಮ ನೀರಿನ ತಂಬಿಗೆ, ಊಟದ ಡಬ್ಬಿ ಎತ್ತಿಕೊಂಡು ಮೂಲೆಗೆ ಸರಿದರು. ತಕರಾರು ಮಾಡಲಿಲ್ಲ, ಚೇಷ್ಟೆ ಮಾತ್ರ ಬಿಡಲಿಲ್ಲ. ನಿನ್ನ ಕಂಪ್ಯೂಟರು ಯಾವ ಜನ್ಮದಲ್ಲಿ ಪುಣ್ಯ ಮಾಡಿತ್ತೋ, ಅದಕ್ಕೆ ಎಸಿ, ನನಗೆ ಕಿರುಗುಟ್ಟುವ ಫ್ಯಾನು ಎನ್ನುತ್ತಿದ್ದರು. ಊರು ಬಿಟ್ಟು ಬಂದು ರೂಮಿನಲ್ಲಿ ಒಬ್ಬನೇ ಇದ್ದ ನನಗೆ ದಿನಕ್ಕೆ ಸಿಗುತ್ತಿದ್ದ ಮನೆಯಂಥ ಮಾತು ಅದೊಂದೇ.

ಪ್ಲೈವುಡ್ಡು ತೆಳುವಾಗಿದ್ದರಿಂದ ಅವರ ಕೆಲಸವೆಲ್ಲ ಕೇಳಿಸುತ್ತಿತ್ತು. ಒಂದು ದಿನ ಕೊಡ್ಲಿ ಎಂಬ ಊರಿನಿಂದ ಫೋನು ಬಂತು. ಫಿಟ್ಟರ್ ಒಬ್ಬನ ತಾಯಿ ತೀರಿಕೊಂಡಿದ್ದಳು. ಸುದ್ದಿ ಹೇಳಿದವನಿಗೆ ಫೋನು ಇಡಬೇಡಿ ಎಂದು ಹೇಳಿ, ಬಾಯೋರು ಮೊದಲು ಆ ವಿಭಾಗದ ಫೋರ್‌ಮನ್‌ಗೆ ಫೋನು ಹಚ್ಚಿದರು.

“ಮನುಷ್ಯಾ ಎಲ್ಲಿದ್ದಾನ್ರಿ? ಮ್ಯಾಲ ಏರ್ಯಾನೇನು? ಕೆಳಗ ಕರೀರಿ. ಏನೂ ಹೇಳಬ್ಯಾಡ್ರಿ, ಕುಂದರ್ಸ್ರಿ. ಮಗ್ಗಲದಾಗ ಒಬ್ಬರು ಇರ್ರಿ. ಆಮ್ಯಾಲ ನಾ ಲೈನ್ ಕೊಡ್ತೀನಿ.”

ಅಷ್ಟು ಹೊತ್ತು ಕೊಡ್ಲಿಯವನ ಜೊತೆ ತಾವೇ ಮಾತಾಡಿದರು. ಎಷ್ಟು ಹೊತ್ತಿಗೆ ಆಯಿತು, ಕಡೆಗೆ ನೀರು ಕುಡಿದರೋ ಇಲ್ಲವೋ, ಮನೆಯಲ್ಲಿ ಯಾರಿದ್ದಾರೆ. ಫಿಟ್ಟರ್ ಕುಳಿತಿದ್ದಾನೆ ಎಂದು ಫೋರ್‌ಮನ್ ಹೇಳಿದ ಮೇಲೆ ಪಿನ್ನು ಚುಚ್ಚಿ ಲೈನು ಕೊಟ್ಟು, ತಾವು ಕಿವಿಯಿಂದ ಫೋನು ತೆಗೆದಿಟ್ಟರು. ಕದ್ದು ಕೇಳುವ ಚಾಳಿ ಅವರಿಗಿರಲಿಲ್ಲ. ತಂಬಿಗೆ ಎತ್ತಿ ನೀರು ಕುಡಿದ ಸಪ್ಪಳ ನನಗೆ ಕೇಳಿಸಿತು.

ಸಾವಿನ ಸುದ್ದಿ ಬಂದಾಗಲೆಲ್ಲ ಅವರ ರೀತಿ ಅದೇ. ಕಂಪನಿಯ ಯಾವ ನಿಯಮದಲ್ಲೂ ಇಲ್ಲದ್ದು. ಯಾಕೆ ಹೀಗೆ ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಹೊಸದಾಗಿ ಕೆಲಸಕ್ಕೆ ಬಂದ ವರ್ಷ ಒಬ್ಬರಿಗೆ ಇಂಥ ಫೋನನ್ನು ಸೀದಾ ಕೊಟ್ಟುಬಿಟ್ಟಿದ್ದೆ, ಅವರು ಓಡುವ ಬೆಲ್ಟಿನ ಮಗ್ಗುಲಿಗೆ ನಿಂತಿದ್ದರು... ಎಂದು ಶುರು ಮಾಡಿದರು. ಅಷ್ಟರಲ್ಲಿ ಬೋರ್ಡಿನ ಮೇಲೆ ದೀಪ ಹತ್ತಿತು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನು ಕೇಳಲಿಲ್ಲ.

ಆ ದಶಕದ ಕೊನೆಗೆ ಹೊಸ ಮ್ಯಾನೇಜರು ಬಂದರು. ಡಿಜಿಟಲ್ ಎಂಬ ಶಬ್ದವನ್ನು ನಾವು ಮೊದಲು ಕೇಳಿದ್ದು ಅವರ ಬಾಯಿಂದ. ಹಾಜರಿ, ಉಗ್ರಾಣ, ಲಾರಿಗಳ ತೂಕ ಒಂದೊಂದಾಗಿ ಕಂಪ್ಯೂಟರಿಗೆ ಹೋದವು. ನಾನೂ ಹಿಗ್ಗಿನಿಂದಲೇ ಆ ಕೆಲಸ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಕೊನೆಗೆ ಟೆಲಿಫೋನಿನ ಸರದಿ. ಅರ್ಧ ಕಪಾಟಿನಷ್ಟಿದ್ದ ಹೊಸ ಯಂತ್ರವೊಂದು ಬರುವುದಿತ್ತು. ಇನ್ನು ಮುಂದೆ ಯಾವ ಊರಿನಿಂದಾದರೂ ಯಾವ ಟೇಬಲ್ಲಿಗಾದರೂ ನೇರವಾಗಿ ಫೋನು ಮಾಡಬಹುದು, ನಡುವೆ ಯಾರೂ ಬೇಕಿಲ್ಲ. ಅದರ ಉಸ್ತುವಾರಿ ನನಗೆ ವಹಿಸಿದರು.

ಯಾರಿಗೆ ಯಾವ ನಂಬರು ಎಂಬ ಪಟ್ಟಿ ಮಾಡಲು ಬಾಯೋರ ಹತ್ತಿರವೇ ಕೂರಬೇಕಾಯಿತು. ಅವರ ಬಳಿ ಪುಸ್ತಕವೇ ಇರಲಿಲ್ಲ, ಎಲ್ಲ ಬಾಯಿಪಾಠ. ನಂಬರಿನ ಜೊತೆಗೇ ಮನುಷ್ಯನನ್ನೂ ಹೇಳುತ್ತಿದ್ದರು. ಇವರಿಗೆ ಎಡಗಿವಿ ಮಂದ, ಉದ್ದಕ್ಕೆ ಬಾರಿಸಬೇಕು. ಆ ಸಾಹೇಬರು ಸೋಮವಾರದ ಮೀಟಿಂಗ್ ಮುಗಿಸಿ ಬಂದ ಮೇಲೆ ಒಂದು ತಾಸು ಯಾರ ಫೋನೂ ಕೊಡಬಾರದು. ಇನ್ನೊಬ್ಬರ ಹೆಂಡತಿ ಫೋನು ಮಾಡಿದರೆ ಆಕೆ ಅಳುತ್ತಿದ್ದಾಳೋ ಇಲ್ಲವೋ ನೋಡಿಕೊಂಡು ಕೊಡಬೇಕು. ನನ್ನ ಪಟ್ಟಿಯಲ್ಲಿ ಇದ್ದದ್ದು ಹೆಸರು, ವಿಭಾಗ, ನಂಬರು ಅಷ್ಟೇ. ಉಳಿದದ್ದಕ್ಕೆ ನಗುತ್ತಾ ತಲೆಯಾಡಿಸಿದೆ.

ಪಟ್ಟಿ ಮುಗಿದ ದಿನ ಅವರು ಸೆರಗು ಸರಿಮಾಡಿಕೊಂಡು, ನಾನೇ ದೊಡ್ಡ ಸಾಹೇಬನೇನೋ ಎಂಬಂತೆ, ಒಂದು ಮಾತು ಕೇಳಿದರು.

“ತಮ್ಮಾ, ಆಫೀಸಿನವರಿಗೆ ಸೀದಾ ಹೋಗ್ಲಿ, ನಂದೇನಿಲ್ಲ. ಮ್ಯಾಲ ಏರಿ ಕೆಲಸ ಮಾಡೋರು, ಮಷೀನ್ ಮುಂದ ನಿಂದ್ರೋರು ಇರ್ತಾರಲ್ಲ, ಅವರಿಗೆ ಹೊರಗಿಂದ ಬರೋ ಫೋನಷ್ಟು ಮೊದಲ ನನ್ನ ಹಂತ್ಯಾಕ ಬರೂವಂಗ ಮಾಡ್ಲಿಕ್ಕೆ ಆಗ್ತದೇನು?”

ತಮ್ಮ ಕುರ್ಚಿ ಉಳಿಸಿಕೊಳ್ಳಲು ಕೇಳುತ್ತಿದ್ದಾರೆ ಎಂದು ನನಗೆ ಆಗ ಅನ್ನಿಸಿತ್ತು. ಹಾಗೆ ಕೇಳಿದ್ದರೂ ಅದರಲ್ಲಿ ತಪ್ಪೇನಿತ್ತು?

ನೋಡುತ್ತೇನೆ ಎಂದೆ. ಯಂತ್ರ ಕೂರಿಸಲು ಬಂದ ಎಂಜಿನಿಯರನ್ನು ಕೇಳಿದೆ. ಆತ ಅಲ್ಲೇ ಪರದೆಯ ಮೇಲೆ ತೋರಿಸಿಕೊಟ್ಟ. ಬೇಕಾದ ನಂಬರುಗಳನ್ನು ಗುರುತು ಹಾಕುವುದು, ಅವು ಮೊದಲು ಆಪರೇಟರಿಗೆ ಹೋಗಲಿ ಎಂದು ಹೇಳಿಡುವುದು. ಅಷ್ಟೇ. ಆದರೆ ಉದ್ಘಾಟನೆಯ ದಿನ ಮ್ಯಾನೇಜರು ಶಹಾಬಾದಿನ ಗೆಸ್ಟ್ ಹೌಸಿನಿಂದ, ಹೆಡ್ ಆಫೀಸಿನವರ ಎದುರಿಗೆ, ಸೀದಾ ಕಲ್ಲು ಒಡೆಯುವ ಕ್ರಷರ್‌ಗೆ ಫೋನು ಮಾಡಿ ತೋರಿಸುವವರಿದ್ದರು. ನನ್ನನ್ನು ಕಾಯಂ ಮಾಡುವ ಕಾಗದ ಅವರ ಟೇಬಲ್ಲಿನ ಮೇಲೆ ಸಹಿಗೆ ಕಾದಿತ್ತು. ಹೀಗೊಂದು ಬದಲಾವಣೆ ಬೇಕು ಎಂದು ಅವರ ಮುಂದೆ ಹೋಗಿ ನಿಲ್ಲಲು ನನಗೆ ಕಾಲು ಬರಲಿಲ್ಲ. ಅವರು ಬೇಡ ಎಂದಿದ್ದರೆ ಅದು ಬೇರೆ ಮಾತು. ನಾನು ಕೇಳಲೇ ಇಲ್ಲ.

ಬಾಯೋರಿಗೆ ಮಾತ್ರ, “ಆಗೂದಿಲ್ರಿ ಬಾಯೋರ. ಆ ಮಷೀನದಾಗ ಆ ಸೌಲತ್ತು ಇಲ್ಲ” ಎಂದೆ.

“ಮಷೀನಿಗೇ ಬರೂದಿಲ್ಲಂದ್ರ ನೀ ಏನು ಮಾಡ್ತಿ, ಬಿಡು” ಎಂದು ನನಗೇ ಸಮಾಧಾನ ಹೇಳಿದರು.

ಬೋರ್ಡು ಗುಜರಿಗೆ ಹೋಯಿತು. ಅವರನ್ನು ಟಪಾಲು ವಿಭಾಗಕ್ಕೆ ಹಾಕಿದರು. ಲಕೋಟೆಗೆ ಅಂಟು ಹಚ್ಚುವುದು, ರಿಜಿಸ್ಟರಿನಲ್ಲಿ ಬರೆಯುವುದು. ದಿನಕ್ಕೆ ನೂರಾರು ಜನರ ಜೊತೆ ಮಾತಾಡುತ್ತಿದ್ದವರು ಮಧ್ಯಾಹ್ನದವರೆಗೆ ಬಾಯಿ ಬಿಚ್ಚದೆ ಇರುವುದನ್ನು ನೋಡಿದ್ದೇನೆ. ಕಂಪನಿ ಬಸ್ಸಿನಲ್ಲಿ ಅವರ ಪಕ್ಕ ಕುಳಿತವರಿಗೆ ಈ ಹೆಂಗಸು ಯಾರೆಂದು ಗೊತ್ತಿರುತ್ತಿರಲಿಲ್ಲ. ಜಾಗಕ್ಕೋ ಕಿಟಕಿಗೋ ಅವರು ಒಂದು ಮಾತಾಡಿದರೆ ಮುಂದಿನ ಸೀಟಿನವರು ಥಟ್ಟನೆ ತಿರುಗಿ, ಅಯ್ಯ ಬಾಯೋರ ನೀವೇನು ಎನ್ನುತ್ತಿದ್ದರು. ಒಂದೆರಡು ಸಲ ಹಾಗಾಯಿತು. ಆಮೇಲೆ ಅವರು ಬಸ್ಸಿನಲ್ಲಿ ಮಾತಾಡುವುದನ್ನೇ ಬಿಟ್ಟರು. ಯಾಕೆಂದು ಆಗ ನನಗೆ ಗೊತ್ತಾಗಲಿಲ್ಲ, ಈಗ ಸ್ವಲ್ಪ ಗೊತ್ತಾಗುತ್ತದೆ.

ನನ್ನ ಕೆಲಸ ಕಾಯಂ ಆಯಿತು. ಟೇಬಲ್ಲಿಗೆ ಸ್ವಂತ ನಂಬರು ಬಂತು. ಊರಿಗೆ ಹೋದಾಗ ಅದನ್ನು ಜಂಬದಿಂದ ಎಲ್ಲರಿಗೂ ಬರೆದುಕೊಟ್ಟು ಬಂದೆ.

ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದರು. ನಾನು ಪ್ರಿಂಟರಿನ ಹತ್ತಿರ ನಿಂತಿದ್ದೆ. ಫೋನು ರಿಂಗಾಯಿತು. ಒಂದು ಕೈಯಲ್ಲಿ ಕಾಗದ ಹಿಡಿದೇ ಇನ್ನೊಂದು ಕೈಯಲ್ಲಿ ಎತ್ತಿದೆ. ತೆಂಗಳಿಯಿಂದ ಚಿಕ್ಕಪ್ಪನ ಮಗ, ಎಸ್‌ಟಿಡಿ ಬೂತಿನಿಂದ ಒದರುತ್ತಿದ್ದ. “ನಿಮ್ಮಪ್ಪ ಹೋದ್ರು, ಲಗೂನ ಬಾ.” ಲೈನು ಕಟ್ಟಾಯಿತು.

ಹಿಂದಿನ ವಾರವಷ್ಟೇ ಅಪ್ಪನ ಜೊತೆ ಕೂತು ಊಟ ಮಾಡಿ ಬಂದಿದ್ದೆ. ಪ್ರಿಂಟರು ಕಾಗದ ಕಕ್ಕುತ್ತಲೇ ಇತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ... ಫೋನು ಕೆಳಗಿಟ್ಟೆನೋ ಇಲ್ಲವೋ ಅದೂ ನೆನಪಿಲ್ಲ. ಯಾರಿಗಾದರೂ ಹೇಳಬೇಕೆಂದು ಹೊರಗೆ ಬಂದೆ. ಉದ್ದನೆಯ ಓಣಿಯಂಥ ವರಾಂಡಾದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಟಪಾಲು ಕೋಣೆಯ ಬಾಗಿಲಲ್ಲಿ ಬಾಯೋರು ಒಬ್ಬರೇ ಕುಳಿತು ಡಬ್ಬಿ ಬಿಚ್ಚುತ್ತಿದ್ದರು. ನನ್ನ ಮುಖ ನೋಡಿದವರೇ ಡಬ್ಬಿ ಅಲ್ಲೇ ಬಿಟ್ಟು ಎದ್ದು ಬಂದು, ಏನೂ ಕೇಳದೆ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಮಗ್ಗುಲಲ್ಲಿ ಕುಳಿತರು. ಆಮೇಲೆಯೇ ನನಗೆ ಅಳು ಬಂದದ್ದು.

ಅತ್ತು ಮುಗಿದ ಮೇಲೆ ಮೆಲ್ಲಗೆ ಕೇಳಿದರು, “ಫೋನ್ ಬಂದಾಗ ಮಗ್ಗಲದಾಗ ಯಾರರ ಇದ್ರೇನು?”

“ಇಲ್ರಿ. ಒಬ್ಬನೇ ನಿಂತಿದ್ದೆ.”

ಅವರು ಕಣ್ಣು ಮುಚ್ಚಿಕೊಂಡರು. “ನನ್ನ ಹಂತ್ಯಾಕ ಬಂದಿದ್ರ ಒಂದೀಟು ತಡದು ಹೇಳ್ತಿದ್ದೆ, ತಮ್ಮಾ” ಎಂದರು, ತಪ್ಪು ತಮ್ಮದೇ ಎಂಬ ಹಾಗೆ.

ಆಗಲೇ ಹೇಳಬೇಕಿತ್ತು. ನಾನು ಕಣ್ಣೊರೆಸಿಕೊಂಡೆ, ಅಷ್ಟೇ. ಅವರು ಎದ್ದು ಹೋಗಿ ಜೀಪು ಗೊತ್ತು ಮಾಡಿ, ಹಾದಿಯಲ್ಲಿ ಇವನನ್ನು ಒಬ್ಬನೇ ಬಿಡಬೇಡ ಎಂದು ಒಬ್ಬ ಜವಾನನನ್ನು ನನ್ನ ಜೊತೆ ತೆಂಗಳಿಯವರೆಗೆ ಕಳಿಸಿದರು. ನಾನು ಕೈಮುಗಿದು ಹತ್ತಿ ಕುಳಿತೆ.

ಮುಂದೆ ಕಾಗದಗಳೂ ಇಮೇಲಿಗೆ ಹೋದವು, ಟಪಾಲು ಕೋಣೆ ಬರಿದಾಯಿತು. ಬಾಯೋರು ಸ್ವಯಂ ನಿವೃತ್ತಿ ತೆಗೆದುಕೊಂಡರು. ನಾನೂ ಕಾರ್ಖಾನೆ ಬಿಟ್ಟು ಕಲಬುರಗಿಗೆ ಬಂದೆ.

ಕೆಲವು ವರ್ಷಗಳ ನಂತರ ಚಿತ್ತಾಪುರದ ಕೋರ್ಟಿನಲ್ಲಿ ಹೊಲದ ಕೆಲಸವಿತ್ತು. ಮುಗಿಸಿ ಸಂಜೆಯ ಗಾಡಿಗೆಂದು ಸ್ಟೇಷನ್ನಿಗೆ ಬಂದೆ. ಬೆನ್ನ ಹಿಂದೆ ಯಾರೋ, ಒಬ್ಬ ಮುದುಕನಿಗೆ ಸೇಡಂ ಕಡೆಗೆ ಹೋಗುವ ಗಾಡಿ ಯಾವ ಕಡೆ ನಿಲ್ಲುತ್ತದೆಂದು ಹೇಳುತ್ತಿದ್ದರು. ದನಿಗೇ ತಿರುಗಿದೆ. ಬಾಯೋರೇ, ಕೂದಲು ಪೂರಾ ಬೆಳ್ಳಗಾಗಿತ್ತು. ಯಾರನ್ನು ಕರೆದೊಯ್ಯಲು ಬಂದಿರಿ ಎಂದು ಕೇಳಿದರೆ, ಯಾರನ್ನೂ ಇಲ್ಲ, ಇಲ್ಲಿ ಕುಂತರೆ ಮಂದಿಯ ಮಾತು ಕಿವಿಗೆ ಬೀಳುತ್ತದೆ ಎಂದು ನಕ್ಕರು. ತಮ್ಮನ ಮನೆಯಲ್ಲಿ ಫೋನು ಹಾಕಿಸಿದ್ದಾರಂತೆ. ರಿಂಗಾದರೆ ತಾವೇ ಓಡಿ ಎತ್ತುತ್ತಾರಂತೆ. ತಮಗೆ ಮಾತ್ರ ಯಾರೂ ಮಾಡುವುದಿಲ್ಲವಂತೆ. ಇದನ್ನೂ ನಗುತ್ತಲೇ ಹೇಳಿದರು.

ಕಲ್ಲಿನ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಗಾಡಿಯ ಗಂಟೆ ಹೊಡೆದ ಮೇಲೆ ಅವರು ನನ್ನ ಕಡೆ ತಿರುಗಿದರು.

“ತಮ್ಮಾ, ಈಗ ಫ್ಯಾಕ್ಟರಿಗೆ ಇನ್ನೂ ಹೊಸಾ ಮಷೀನ್ ಬಂದದಂತ. ಅದರಾಗರ ಆಗ್ತದೇನು, ನಾ ಕೇಳಿದ್ದು?”

ಇಷ್ಟು ವರ್ಷ ಅವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಆ ಕುರ್ಚಿಯೂ ಈಗ ಇರಲಿಲ್ಲ, ಅದರ ಆಸೆಯೂ ಇರಲಿಲ್ಲ. ಆಗುತ್ತದೆ ಎಂದರೆ ಮೊದಲೂ ಆಗುತ್ತಿತ್ತು ಎಂಬುದನ್ನೂ ಹೇಳಬೇಕು. “ವಿಚಾರಿಸಿ ನೋಡ್ತೀನ್ರಿ” ಎಂದೆ. ಗಾಡಿ ಬಂತು. ಕಿಟಕಿಯಿಂದ ನೋಡಿದಾಗ ಅವರು ಬೆಂಚಿನ ಮೇಲೆಯೇ ಇದ್ದರು, ನಾನು ಹೋಗುತ್ತಿದ್ದ ಕಡೆ ಮುಖ ಮಾಡಿ.

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಶಹಾಬಾದಿನ ಸಂತೆಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. ಕಾಯಿಪಲ್ಲೆ ಚೀಲದ ಬಾಯಿ ಕಟ್ಟುತ್ತಾ, ಮಕ್ಕಳ ಸುದ್ದಿ, ಮಂಡಿನೋವಿನ ಸುದ್ದಿ ಎಲ್ಲ ಆದ ಮೇಲೆ, ಅಂದ ಹಾಗೆ ನಮ್ಮ ಬೋರ್ಡಿನ ಬಾಯೋರು ಹೋದರಲ್ಲ, ನಿಮಗೆ ಗೊತ್ತಿರಬೇಕು ಎಂದರು. ಗೊತ್ತು ಎಂದೆ. ಅದೂ ಸುಳ್ಳೇ.

ಈಗ ನನಗೂ ಐವತ್ತು ದಾಟಿದೆ. ಆ ಕಾರ್ಖಾನೆಯಲ್ಲಿ ಅವರನ್ನು ಬಲ್ಲವರು ಯಾರೂ ಉಳಿದಿಲ್ಲ. ಅವರ ತಮ್ಮನ ಮನೆಗೆ ಹೋಗಿ ಹೇಳೋಣವೆಂದರೆ, ಇದು ಅವರಿಗೆ ಏನೆಂದು ಅರ್ಥವಾದೀತು? ಕೇಳಿದವರು ಒಬ್ಬರೇ, ಉತ್ತರ ಕೊಡಬೇಕಾದವನೂ ಒಬ್ಬನೇ. ನೆಗಡಿ ವಾಸಿಯಾಗಿದೆ, ಮನೆಯಲ್ಲಿ ಯಾರೂ ಇಲ್ಲ. ನಿನ್ನೆಯಿಂದ ಈ ಮಾತನ್ನು ಗಟ್ಟಿಯಾಗಿ ಅನ್ನಲು ಎಷ್ಟೋ ಸಲ ಬಾಯಿ ತೆಗೆದಿದ್ದೇನೆ. ಬರೆಯುವುದೇ ಸುಲಭ.

ಆಗ್ತಿತ್ರಿ ಬಾಯೋರ. ಆ ಮೊದಲಿನ ಮಷೀನದಾಗೇ ಆಗ್ತಿತ್ತು. ಹತ್ತು ನಿಮಿಷದ ಕೆಲಸ ಇತ್ತು.