ದ್ರಾಕ್ಷಿ ತೋಟದಲ್ಲಿ ಐವತ್ತು ಅಡಿಯ ಟವರು

ಹುಚ್ಚು ಬಿಡುವತನಕ ಮದುವೆಯಾಗುವುದಿಲ್ಲ, ಮದುವೆಯಾಗುವತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನಿಪ್ಪಾಣಿಯ ನಮ್ಮ ಓಣಿಯಲ್ಲಿ ನನ್ನನ್ನು ಕಂಡಾಗಲೆಲ್ಲ ಯಾರಾದರೊಬ್ಬರು ಹೇಳುತ್ತಿದ್ದರು. ನನ್ನ ವಿಷಯದಲ್ಲಿ ಗಾದೆ ಸೋತಿತು. ಮದುವೆಯೂ ಆಯಿತು, ಹುಚ್ಚೂ ಬಿಡಲಿಲ್ಲ.

ನನ್ನ ಹುಚ್ಚು ಹ್ಯಾಮ್ ರೇಡಿಯೋ. ಸರಕಾರದ ಪರೀಕ್ಷೆ ಪಾಸಾಗಿ, ಪರವಾನಗಿ ಪಡೆದು, ಮನೆಯಲ್ಲಿ ಕುಳಿತೇ ಎಲ್ಲೆಲ್ಲಿಯೋ ಇರುವ ಅಪರಿಚಿತರ ಜೊತೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸ ಅದು. ನಮ್ಮ ಎದುರು ಮನೆಯ ತಂಬಾಕು ವ್ಯಾಪಾರಿಗೆ ಅದರ ಗೀಳಿತ್ತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಅವರು ತಂಬಾಕು ಕೂಡಿಡುತ್ತಿದ್ದ ವಖಾರಿಯ ಮಾಳಿಗೆಯ ಮೇಲೆ ಅದರ ಘಾಟಿಗೆ ಸೀನುತ್ತ ಸೀನುತ್ತಲೇ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕಲಿತೆ. ಪರವಾನಗಿ ಕೈಗೆ ಬಂದ ವರ್ಷವೇ ಐನಾಪುರದ ಹತ್ತಿರದ ದ್ರಾಕ್ಷಿ ಬೆಳೆಗಾರರ ಮನೆಗೆ ಸೊಸೆಯಾಗಿ ಬಂದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಸಂಕೇತ ಒತ್ತಿ ಕಳಿಸುವ ಮೋರ್ಸ್ ಕೀಲಿಯೂ ಇತ್ತು.

ಮನೆಯಲ್ಲಿ ಮೂವರೇ ಇದ್ದೆವು. ನನ್ನ ಗಂಡ ಒಳ್ಳೆಯವರು. ರೇಡಿಯೋ ಅವರಿಗೆ ತಿಳಿಯುತ್ತಿರಲಿಲ್ಲ, ಅದರ ಬಗ್ಗೆ ತಕರಾರೂ ಇರಲಿಲ್ಲ. ಅತ್ತೆಯವರು ಹಾಗಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನು ಸಾಕುತ್ತ ಜಮೀನು ನಡೆಸಿದ ಹೆಂಗಸು. ಅವರ ಮಾತು ಮನೆಯಲ್ಲಿ ಕೋರ್ಟಿನ ತೀರ್ಪಿದ್ದ ಹಾಗೆ. ರೇಡಿಯೋದ ಆಂಟೆನಾವನ್ನು ಎತ್ತರದಲ್ಲಿ ನಿಲ್ಲಿಸಲು ನಿಪ್ಪಾಣಿಯಲ್ಲಿ ಬೆಸುಗೆ ಹಾಕಿಸಿದ ಟವರಿನ ಐದು ತುಂಡುಗಳು ಟ್ರ್ಯಾಕ್ಟರಿನಲ್ಲಿ ಬಂದು ಅಂಗಳದಲ್ಲಿ ಇಳಿದಾಗ, ಹತ್ತತ್ತು ಅಡಿಯ ಆ ಕಬ್ಬಿಣದ ಏಣಿಗಳನ್ನು ಅವರು ಸುತ್ತು ಹಾಕಿ ನೋಡಿದರು. ಇದನ್ನು ಏರಿ ಜೋಡಿಸುವವರು ಯಾರು ಎಂದು ಕೇಳಿದರು. ನನ್ನ ಗಂಡ ತಾನು ಎಂದರು. ತೀರ್ಪು ಅಲ್ಲಿಯೇ ಬಂತು.

“ಹುಚ್ಚ ಇಕೀದು, ಏರಾಂವಾ ನನ್ನ ಮಗ ಯಾಕ? ಅಂವಾ ಏರಂಗಿಲ್ಲ, ಆಳ ಮಕ್ಕಳ್ನೂ ಏರಸಂಗಿಲ್ಲ. ನಿಂದ ಐತಿ, ನೀನ ಏರು. ಮತ್ತ ಒಮ್ಮಿ ಬಿತ್ತಂದ್ರ ಅದು ಎದ್ದ ನಿಲ್ಲಂಗಿಲ್ಲ, ಗುಜರಿಗೆ ಹೋಗ್ತೈತಿ.”

ನನಗೆ ಸಿಟ್ಟು ನೆತ್ತಿಗೇರಿತು. ಸೊಸೆ ಸತ್ತರೆ ನಡೆಯುತ್ತದೆಯೇ ಎಂದು ಕೇಳಬೇಕೆನ್ನಿಸಿತು. ಆದರೆ ಆ ದಿನ ಮಲಗುವ ಹೊತ್ತಿಗೆ ಯೋಚಿಸಿದರೆ, ಸೊಸೆಯಾದವಳು ಏರಬಾರದು ಎಂದು ಅವರು ಒಮ್ಮೆಯೂ ಹೇಳಿರಲಿಲ್ಲ. ಬೇರೆ ಯಾವ ಮನೆಯಲ್ಲಾದರೂ ಮೊದಲು ಬರುತ್ತಿದ್ದ ಮಾತೇ ಅದು. ನಾನು ಏರುವುದೆಂದು ನಿರ್ಧಾರ ಮಾಡಿದೆ.

ಏರಲು ಸೊಂಟದ ಪಟ್ಟಿ ಬೇಕು. ಕೈ ಬಿಟ್ಟು ಕೆಲಸ ಮಾಡುವಾಗ ಟವರಿಗೆ ಸುತ್ತಿ ಸಿಕ್ಕಿಸಿಕೊಳ್ಳುವಂಥದ್ದು. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಅಥಣಿಯಲ್ಲಿ ತಲೆಮಾರುಗಳಿಂದ ಚಪ್ಪಲಿ ಹೊಲಿಯುವ ಮನೆತನದ ಒಬ್ಬ ಮುದುಕರ ಬಳಿ ಹೋದೆವು. ವಿಷಯ ಕೇಳಿ ಅವರು ನಗಲಿಲ್ಲ. ಎಮ್ಮೆಯ ತೊಗಲನ್ನು ಎರಡು ಪದರು ಮಾಡಿ, ತೊಗಲಿನ ದಾರದಲ್ಲೇ ಹೊಲಿದರು. ಪಟ್ಟಿ ತಯಾರಾದ ದಿನ ಅದನ್ನು ಕೈಗೆ ಕೊಡಲಿಲ್ಲ. ಮನೆಯ ಮುಂದಿನ ಬೇವಿನ ಟೊಂಗೆಗೆ ಹಗ್ಗ ಹಾಕಿ, ಪಟ್ಟಿಯನ್ನು ತಾವೇ ಕಟ್ಟಿಕೊಂಡು, ಓಣಿಯ ಜನ ನೋಡನೋಡುತ್ತಿದ್ದಂತೆ ಜೋತುಬಿದ್ದರು. ಆಮೇಲೆ ಇಳಿದು ನನ್ನನ್ನೂ ಜೋತುಬೀಳಲು ಹೇಳಿದರು. ಹೊಸ ಮದುಮಗಳು ಮರಕ್ಕೆ ಜೋತುಬೀಳುವುದೇ ಎಂದು ನಾನು ಹಿಂಜರಿದೆ.

“ಚಪ್ಪಲಿ ಹರದ್ರ ಬರಿಗಾಲಾಗ ಮನಿಗಿ ಹೋಗಬಹುದು ಅಕ್ಕಾರ,” ಎಂದರು ಅವರು. “ಇದು ಹರದ್ರ ಹೆಂಗ ಹೋಗ್ತೀರಿ?”

ಜೋತುಬಿದ್ದೆ. ಮಳೆಯಲ್ಲಿ ನೆನೆಸಬೇಡಿ, ತಿಂಗಳಿಗೊಮ್ಮೆ ಎಣ್ಣೆ ಸವರಿ, ಪ್ರತಿ ಸಲ ಏರುವ ಮೊದಲು ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಎಂದು ಹೇಳಿ ಕಳಿಸಿದರು. ಇವತ್ತಿಗೂ ನನಗೆ ಆ ಕೈಗಳ ಮೇಲೆ ದೇವರಷ್ಟೇ ಭರವಸೆ.

ಉಡುಗೆಯ ಪ್ರಶ್ನೆ ಅತ್ತೆಯವರೇ ಬಗೆಹರಿಸಿದರು. ನಾನು ಉಡುತ್ತಿದ್ದದ್ದು ಆರು ವಾರಿ ಸೀರೆ. ಕಚ್ಚೆ ಸೀರೆ ಮುದುಕಿಯರದ್ದು ಎಂಬ ಜಂಬ ನನಗಿತ್ತು. ಅವರು ತಮ್ಮದೊಂದು ಒಂಬತ್ತು ವಾರಿ ಸೀರೆ ತಂದು ಕಚ್ಚೆ ಹಾಕಿ ಬಿಗಿದು ಉಡಿಸಿದರು. ತಾವು ಅದನ್ನುಟ್ಟೇ ಬಣವಿ ಏರುತ್ತಿದ್ದರಂತೆ. ಎರಡು ಹೆಜ್ಜೆ ಹಾಕಿ ನೋಡಿದೆ. ಕಾಲು ಬಿಡಿಸಿಕೊಂಡ ಹಾಗಾಯಿತು, ನಾಚಿಕೆಯೂ ಆಯಿತು, ಆ ಜಂಬ ಅಲ್ಲಿಗೇ ಮುಗಿಯಿತು.

ಕಾಕಾ ಬಂದು ಎರಡು ದಿನ ನಮ್ಮಲ್ಲಿದ್ದರು. ಬುಡಕ್ಕೆ ಕಾಂಕ್ರೀಟು, ಮೂರು ದಿಕ್ಕಿಗೆ ನೆಲದಲ್ಲಿ ಹೂತ ದಪ್ಪ ಕಲ್ಲುಗಳು, ಅವುಗಳಿಂದ ಟವರಿನ ನಡುವಿಗೂ ತಲೆಗೂ ಕಟ್ಟಿದ ಸ್ಟೇ ತಂತಿಗಳು. ಸಿಡಿಲಿನ ಸಲುವಾಗಿ ಉಪ್ಪು, ಇದ್ದಿಲು ತುಂಬಿದ ಗುಂಡಿಯಲ್ಲಿ ತಾಮ್ರದ ಹಾಳೆ. ಒಂದು ತುಂಡು ನಿಲ್ಲಿಸುವುದು, ನಾನು ಏರುವುದು, ಕೆಳಗಿನಿಂದ ಆಳುಗಳು ರಾಟೆಯ ಹಗ್ಗ ಜಗ್ಗಿ ಮುಂದಿನ ತುಂಡು ಕಳಿಸುವುದು, ನಾನು ಬೋಲ್ಟು ಹಾಕುವುದು. ಕಾಕಾ ಹಾಕಿದ ನಿಯಮಗಳು ಕಡಿಮೆ: ಎರಡು ಕೈ ಎರಡು ಕಾಲಿನಲ್ಲಿ ಮೂರು ಯಾವಾಗಲೂ ಕಬ್ಬಿಣ ಹಿಡಿದಿರಬೇಕು, ಪಟ್ಟಿ ಸಿಕ್ಕಿಸದೆ ಕೈ ಬಿಡಬಾರದು, ಮೋಡ ಕಂಡರೆ ಏರಬಾರದು, ಮತ್ತು ಕೆಳಗಿನಿಂದ ಒಬ್ಬರೇ ಮಾತಾಡಬೇಕು.

ಕೊನೆಯದೇ ಕಷ್ಟವಾಗಿತ್ತು. ಸೊಸೆ ಟವರ್ ಏರುತ್ತಾಳೆಂದು ಅರ್ಧ ಊರು ಬಂದು ನಿಂತಿತ್ತು, ಬಂದವರಿಗೆಲ್ಲ ಒಂದೊಂದು ಸಲಹೆ ಇತ್ತು. ಇಪ್ಪತ್ತು ಅಡಿಗೆ ಹೋದಾಗ ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ತಿಳಿಯದೆ ಟವರನ್ನು ತಬ್ಬಿ ನಿಂತೆ. ಕೆಳಗಿನ ಗದ್ದಲದಲ್ಲಿ ಕಾಕಾ ಏನು ಹೇಳುತ್ತಿದ್ದಾರೆಂದೇ ಕೇಳಿಸಲಿಲ್ಲ. ಆಗ ಅತ್ತೆಯವರು ಬಾರುಕೋಲು ಹಿಡಿದು ಮುಂದೆ ಬಂದು ಗುಂಪಿಗೆ ಬೆನ್ನು ಹಾಕಿ ನಿಂತರು. ಬಾಯಿ ತೆರೆದವರಿಗೆ ಒಂದು ಬೀಳುತ್ತದೆ ಎಂದರು. ಊರು ಬಾಯಿ ಹೊಲಿದುಕೊಂಡಿತು. ಐದೂ ತುಂಡು ನಿಂತವು. ಇನ್ನು ತುದಿಗೆ ಆಂಟೆನಾ ಏರಿಸುವುದಷ್ಟೇ ಬಾಕಿ.

ನಾನು ನಾಲ್ಕು ದಿನದ ಮಟ್ಟಿಗೆ ತವರಿಗೆ ಹೋದೆ. ಅನಾಹುತ ಆದದ್ದು ಆಗಲೇ.

ದ್ರಾಕ್ಷಿ ಬೆಳೆಯದವರಿಗೆ ಇದು ಅರ್ಥವಾಗುವುದು ಕಷ್ಟ. ದ್ರಾಕ್ಷಿ ಚಪ್ಪರವೆಂದರೆ ಎಕರೆಗಟ್ಟಲೆ ತಂತಿಯ ಹಂದರ; ಬಳ್ಳಿಯ ಭಾರವೆಲ್ಲ ಅದರ ಮೇಲೆ. ಆ ತಂತಿ ಎಷ್ಟು ಬಿಗಿಯೋ ಬೆಳೆಗಾರನ ಮರ್ಯಾದೆ ಅಷ್ಟು. ತಂತಿ ಸಡಲಾಗಿ ಬಿಟ್ಟವನನ್ನು ಊರವರು ಮೈಗಳ್ಳ ಎನ್ನುತ್ತಾರೆ. ನನ್ನ ಗಂಡ ಸುತ್ತಲಿನ ಹಳ್ಳಿಗಳಲ್ಲಿ ತಂತಿ ಬಿಗಿಯುವುದಕ್ಕೆ ಹೆಸರುವಾಸಿ. ಟವರಿನ ಸ್ಟೇ ತಂತಿಗಳು ತುಸು ಜೋಲು ಇದ್ದುದನ್ನು ಅವರು ಕಂಡರು. ಹಾಗೆ ಬಿಟ್ಟದ್ದು ಕಾಕಾ ಬೇಕೆಂದೇ: ಸ್ಟೇ ತಂತಿ ಟವರನ್ನು ಹಿಡಿಯಬೇಕು, ಹಿಂಡಬಾರದು, ಅತಿಯಾಗಿ ಬಿಗಿದರೆ ನೆಲಕ್ಕೆ ಒತ್ತಿ ಸೊಂಟ ಮುರಿಯುತ್ತದೆ. ನನ್ನ ಗಂಡ ಮೂವರು ಆಳುಗಳನ್ನು ಕರೆದು, ಚಪ್ಪರದ ತಂತಿ ಜಗ್ಗುವ ಸಲಕರಣೆ ತಂದು, ಆರೂ ತಂತಿಗಳನ್ನು ಮೀಟಿದರೆ ನಾದ ಬರುವಷ್ಟು ಬಿಗಿದರು. ನನಗೆ ಸಂತೋಷವಾಗಲೆಂದು ಮಾಡಿದ ಕೆಲಸ ಅದು.

ಬಸ್ಸಿನಿಂದ ಇಳಿಯುವ ಮೊದಲೇ ನನಗೆ ಕಂಡಿತು. ಟವರು ನೆಟ್ಟಗೆ ನಿಂತಿರಲಿಲ್ಲ. ನಡುವಿನಿಂದ ಮೇಲೆ, ತುದಿಗೆ ಹಕ್ಕಿ ಕೂತ ಕಬ್ಬಿನ ಹಾಗೆ ಬಾಗಿತ್ತು. ನಾನು ಅಂಗಳಕ್ಕೆ ಬಂದು ಚೀಲ ಇಟ್ಟವಳೇ ಜಗಳಕ್ಕೆ ನಿಂತೆ. ಮದುವೆಯಾದ ಮೇಲೆ ಗಂಡನ ಮೇಲೆ ದನಿ ಏರಿಸಿದ್ದು ಅದೇ ಮೊದಲು.

“ಸಡ್ಲ ತಂತಿ ಕಣ್ಣಿಗಿ ಬಿದ್ರ ನನಗ ಊಟ ಸೇರಂಗಿಲ್ಲ,” ಎಂದರು. ತಪ್ಪು ಮಾಡಿದವರ ಮುಖ ಅಲ್ಲ ಅದು. ಶಾಭಾಸ್ ಎನ್ನಿಸಿಕೊಳ್ಳಲು ಕಾದು ನಿಂತವರ ಮುಖ. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಮುಂಗಾರಿಗೆ ಮುಂಚಿನ ಅಡ್ಡಮಳೆಯ ದಿನಗಳವು. ದಿನವೂ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಯಾವಾಗ ಬೇಕಾದರೂ ಬಿರುಗಾಳಿ ಏಳಬಹುದಾಗಿತ್ತು. ಬಾಗಿದ ಟವರು ಒಂದು ಗಾಳಿಯನ್ನೂ ತಡೆಯುತ್ತಿರಲಿಲ್ಲ, ಬೀಳುವುದಿದ್ದರೆ ನೇರ ಚಪ್ಪರದ ಮೇಲೆಯೇ. ಐನಾಪುರದ ಎಸ್‌ಟಿಡಿ ಬೂತಿನಿಂದ ಕಾಕಾನಿಗೆ ಫೋನು ಮಾಡಿದೆ. ಮೊದಲು ನೆಲದ ಮೇಲೆ ನಿಂತು ತಂತಿಗಳನ್ನು ಸಡಲಿಸು, ಆಗ ಟವರಿನ ಮೇಲೆ ಯಾರೂ ಇರಬಾರದು, ನೆಟ್ಟಗಾದ ಮೇಲೆ ಏರಿ ಪ್ರತಿ ಬೋಲ್ಟು ನೋಡು, ಎಲ್ಲೋ ಒಂದು ಬಾಗಿರಲೇಬೇಕು ಎಂದರು. “ಘಾಯಿ ಮಾಡಬ್ಯಾಡ ಪೋರಿ,” ಅವಸರ ಬೇಡ ಎಂದು ಕೊನೆಗೆ ಸೇರಿಸಿದರು.

ಅತ್ತೆಯವರು ಹಗ್ಗ ತಂದಿಟ್ಟಿದ್ದರು. ಬೀಳುವ ಮೊದಲೇ ತಾವೇ ಇಳಿಸಿಬಿಡುವ ಆಲೋಚನೆ. ಒಂದು ಮುಂಜಾವಿನ ಸಮಯ ಕೊಡಿ ಎಂದು ನಾನು ಕೇಳಿಕೊಂಡೆ. ಅವರು ತಲೆ ಎತ್ತಿ ಆಕಾಶ ನೋಡಿದರು.

“ನಾಳಿ ಮಧ್ಯಾನದ ಊಟದ ತನಕ ನಿಂದು,” ಎಂದರು. “ಆಮ್ಯಾಲ ನಂದು.”

ಬೆಳಕು ಹರಿಯುತ್ತಲೇ ಕೆಲಸ ಶುರು ಮಾಡಿದೆವು. ಮನೆ ಕಟ್ಟುವ ಗೌಂಡಿಯಿಂದ ತಂದ ತೂಗುಗುಂಡು ಹಿಡಿದು ನಾನು ದೂರ ನಿಂತೆ. ನನ್ನ ಗಂಡ ಒಂದು ತಂತಿಯಿಂದ ಇನ್ನೊಂದಕ್ಕೆ ಓಡುತ್ತ, ನಾನು ಹೇಳಿದಷ್ಟು ಮಾತ್ರ ತಿರುಪು ಬಿಚ್ಚಿದರು. ಮೊದಲು ಕೆಳಗಿನ ಮೂರು, ಆಮೇಲೆ ಮೇಲಿನ ಮೂರು, ಒಮ್ಮೆಗೆ ಕಾಲು ಸುತ್ತು. ತಂತಿ ಸಡಲಿದಂತೆಲ್ಲ ಅವರ ಮುಖ ಸಣ್ಣಗಾಗುತ್ತಿತ್ತು. ಒಳಗೊಳಗೆ ಎಷ್ಟು ಸಂಕಟಪಟ್ಟರೋ, ನನಗೆ ಎದುರಾಡಲಿಲ್ಲ. ಬಿಸಿಲು ಏರುವ ಹೊತ್ತಿಗೆ ಟವರು ನೂಲು ಹಿಡಿದಷ್ಟು ನೆಟ್ಟಗಾಯಿತು.

ಕಚ್ಚೆ ಬಿಗಿದು, ಹೊಲಿಗೆ ಮುಟ್ಟಿ ನೋಡಿ, ಏರಿದೆ. ಹತ್ತು ಅಡಿಯ ಜೋಡಣೆ ಸರಿಯಿತ್ತು. ಇಪ್ಪತ್ತರದ್ದೂ ಸರಿ. ಮೂವತ್ತರದ್ದೂ. ನಲವತ್ತು ಅಡಿಯಲ್ಲಿ ಕಂಡಿತು: ಒಂದು ಬೋಲ್ಟು ಮಂಡಿ ಬಾಗಿದ ಹಾಗೆ ಸೊಟ್ಟಗಾಗಿ, ಅದರ ನಟ್ಟು ಕಚ್ಚಿಕೊಂಡು ಕೂತಿತ್ತು. ಟವರಿನ ಆ ಕಾಲಿನ ಎರಡನೆಯ ಬೋಲ್ಟು ಗಟ್ಟಿ ಇದೆಯೆಂದು ಖಾತ್ರಿ ಮಾಡಿಕೊಂಡು, ಪಟ್ಟಿ ಸಿಕ್ಕಿಸಿ, ಹಿಂದಕ್ಕೆ ಒರಗಿ ಕೈ ಬಿಟ್ಟೆ. ಪಾನಾ ಹಾಕಿ ತಿರುವಿದೆ, ಜರುಗಲಿಲ್ಲ. ಎಣ್ಣೆ ಬಿಟ್ಟು ಕಾದೆ. ಮತ್ತೆ ತಿರುವಿದೆ. ಕೆಳಗೆ ನನ್ನ ಗಂಡ ಏನೋ ಹೇಳಲು ಬಾಯಿ ತೆರೆದದ್ದೂ, ಅತ್ತೆಯವರು ಕೈ ಎತ್ತಿ ಮಗನನ್ನೇ ತಡೆದದ್ದೂ ಕಂಡಿತು. ಮೂರನೆಯ ಸಲ ಮೈಭಾರವನ್ನೆಲ್ಲ ಹಾಕಿದೆ. ನಟ್ಟು ಕಿರ್ ಎಂದು ಸಡಲಿತು. ಹಳೆಯದನ್ನು ಹೊರಗೆ ಬಡಿದು ಚೀಲಕ್ಕೆ ಹಾಕಿ, ಹೊಸ ಬೋಲ್ಟು ತೂರಿಸಿ ಬಿಗಿದೆ. ತುದಿಯವರೆಗೂ ಹೋಗಿ ಉಳಿದದ್ದನ್ನೆಲ್ಲ ನೋಡಿದೆ.

ಕೆಲಸ ಮುಗಿದಿತ್ತು, ಆದರೂ ಇಳಿಯಲು ಮನಸ್ಸಾಗಲಿಲ್ಲ. ಎಲ್ಲರ ಚಪ್ಪರಗಳೂ ಹಸಿರು ಚಾಪೆ ಹಾಸಿದಂತೆ ಕೆಳಗಿದ್ದವು. ಸತ್ತಿ ಹಳ್ಳಿಯ ದಿಕ್ಕಿಗೆ ಕೃಷ್ಣೆಯ ನೀರು ಒಂದು ಗೆರೆಯಷ್ಟು ಹೊಳೆಯುತ್ತಿತ್ತು. ಈ ಊರಿನಲ್ಲಿ ಯಾರೂ ನೋಡಿರದ ಊರನ್ನು ನಾನು ನೋಡುತ್ತಿದ್ದೆ. ಹಾಲು ಕುಡಿದಷ್ಟು ಸಂತೋಷವಾಯಿತು. ಒಬ್ಬಳೇ ನಕ್ಕೆ.

ನಾಲ್ಕು ಗಂಟೆಗೆ ಗಾಳಿ ಬಂತು. ಮೊದಲು ಕೆಂಪು ಧೂಳು, ಆಮೇಲೆ ಆಲಿಕಲ್ಲು. ಮೂವರೂ ಬಾಗಿಲಲ್ಲಿ ನಿಂತು ಟವರನ್ನೇ ನೋಡಿದೆವು. ಅದು ಅತ್ತ ಇತ್ತ ತುಸು ತೂಗಿತು, ತಂತಿಗಳು ಗುಂಯ್‌ಗುಟ್ಟಿದವು. ಒಂದು ಹೊಡೆತಕ್ಕೆ ಗಾಳಿಯ ಕಡೆಯ ತಂತಿ ಸೆಟೆದು ನಿಂತಿತು. ಅತ್ತೆಯವರು ನನ್ನ ರಟ್ಟೆ ಹಿಡಿದಿದ್ದರು. ಗಾಳಿ ನಿಂತ ಮೇಲೆ ನೋಡಿದರೆ ಅವರ ಐದು ಬೆರಳೂ ನನ್ನ ತೋಳಿನಲ್ಲಿ ಮೂಡಿದ್ದವು. ಟವರು ಬೆಳಿಗ್ಗೆ ಇದ್ದಷ್ಟೇ ನೆಟ್ಟಗಿತ್ತು. ಬಾಜುದವರ ತೋಟದಲ್ಲಿ ಎರಡು ಸಾಲಿನ ತುದಿಗಂಬಗಳು ಕಿತ್ತು ಬಂದಿದ್ದವು. ಅವರೂ ನಮ್ಮವರ ಹಾಗೆಯೇ ಬಿಗಿಯುವವರು.

ಮರುದಿನ ಅತ್ತೆಯವರು ಹಗ್ಗವನ್ನು ಒಳಗಿಟ್ಟು, ಕೊಟ್ಟಿಗೆಗೆ ಹೋದರು. ಆ ವಾರವೇ ಆಂಟೆನಾ ಏರಿಸಿದೆ. ಕೀಲಿ ಒತ್ತಿ ಕರೆ ಕಳಿಸಿದಾಗ ಮೊದಲು ಉತ್ತರ ಬಂದದ್ದು ಜಪಾನಿನಿಂದ. ಆಂಟೆನಾ ಎಷ್ಟು ಎತ್ತರ ಎಂದು ಆತ ಕೇಳಿದ. ಐವತ್ತು ಅಡಿ, ನಾನೇ ಏರಿ ಕಟ್ಟಿದ್ದು, ನಾನು ಹೆಂಗಸು ಎಂದು ಒಂದೊಂದೇ ಅಕ್ಷರ ಕಳಿಸಿದೆ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಆ ವರ್ಷ ಚಪ್ಪರದ ತಂತಿಗಳನ್ನು ಮತ್ತೆ ಬಿಗಿಯುವ ಕೆಲಸ ಬಂತು. ಬುತ್ತಿ ತೆಗೆದುಕೊಂಡು ತೋಟಕ್ಕೆ ಹೋದೆ. ಆಳುಗಳಿದ್ದರು, ಬಾಜುದ ತೋಟದವರೂ ನೋಡಲು ಬಂದು ನಿಂತಿದ್ದರು. ನನ್ನ ಗಂಡ ಒಂದು ಸಾಲು ಬಿಗಿದು, ಬೆವರು ಒರೆಸಿಕೊಂಡು, ಅಷ್ಟೂ ಜನರ ಮುಂದೆ ನನ್ನ ಕಡೆ ತಿರುಗಿದರು.

“ಇಷ್ಟ ಸಾಕೇನ್, ನೋಡ ಬಾ.”

ನಾನು ಬುತ್ತಿ ಕೆಳಗಿಟ್ಟು, ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಇನ್ನೂ ಅರ್ಧ ಸುತ್ತು ಸಡಲು ಬಿಡಿ ಎಂದೆ.

ಅವರು ಬಿಟ್ಟರು.